ದ್ರೋಹಕ್ಕೆ ಒಳಗಾದವರ ಮಾತು ಯಾವುದು?

ತೀರ್ಥಹಳ್ಳಿ ಕಡೆಯ ನಮ್ಮ ಸಂಬಂಧಿಕರೊಬ್ಬರು ಪೊಲೀಸರಿಗೆ ಕೊಡಲು ದೂರು ಬರೆಸುತ್ತಿದ್ದರು. ಮಲೆನಾಡಿನವರಿಗೆ ಗೊತ್ತಿರುವ ಕಥೆಯೇ. ರಾಶಿ ಅಡಿಕೆಯನ್ನು ಪರಿಚಯದ ವ್ಯಾಪಾರಿಯ ಹತ್ತಿರ ಇಟ್ಟಿದ್ದರು, ರೇಟು ಬಂದಾಗ ಮಾರಿಕೊಡಲಿ ಅಂತ. ಅಪ್ಪನ ಕಾಲದಿಂದ ನಡೆದುಬಂದ ವ್ಯವಹಾರ. ತೂಕ ಬರೆದ ಒಂದು ಚೀಟಿ ಬಿಟ್ಟರೆ ಬೇರೆ ಕಾಗದ ಇಲ್ಲ. ಅವನು ಅಡಿಕೆ ಮಾರಿಕೊಂಡ, ದುಡ್ಡು ಕೊಡಲಿಲ್ಲ. ದೂರು ಬರೆಯುತ್ತಿದ್ದ ಹುಡುಗ ‘ಮೋಸ ಮಾಡಿದ್ದಾರೆ’ ಎಂದು ಬರೆದ. ಇವರು ತಡೆದರು. “ಮೋಸ ಸಂತೇಲಿ ಆಗೋದು ಮಾರಾಯ. ಇದು ದ್ರೋಹ. ಅದನ್ನ ಹೊಡೆದು ಹಾಕಿ ಸರಿಯಾಗಿ ಬರಿ” ಅಂದರು.

ಅವರು ಹೇಳಿದ್ದು ಎಷ್ಟು ಸರಿ ಅಂತ ಆಮೇಲೆ ಯೋಚಿಸಿದಷ್ಟೂ ಹೊಳೆಯುತ್ತಾ ಹೋಯಿತು. ಮೋಸ ಮಾಡೋಕೆ ಗುರುತು ಪರಿಚಯ ಬೇಕಿಲ್ಲ. ತಕ್ಕಡಿಯಲ್ಲಿ ಮೋಸ, ಇಸ್ಪೀಟಿನಲ್ಲಿ ಮೋಸ, ಫೋನಿನಲ್ಲಿ ಓಟಿಪಿ ಕೇಳಿ ಮೋಸ. ದ್ರೋಹ ಹಾಗಲ್ಲ. ಮೊದಲು ಒಂದು ನಂಟು ಇರಬೇಕು, ಆಮೇಲೆ ಅದು ಮುರಿಯಬೇಕು. ಗೊತ್ತಿಲ್ಲದವನು ನಿಮಗೆ ಟೋಪಿ ಹಾಕಬಹುದು, ನಾಮ ಹಾಕಬಹುದು. ದ್ರೋಹ ಮಾತ್ರ ಮಾಡಲಾರ.

ಕಾನೂನೂ ಇದನ್ನೇ ಹೇಳುತ್ತದೆ, ಬೇರೆ ದಾರಿಯಲ್ಲಿ. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ 406ನೇ ಕಲಂ ಬೇರೆ, 420 ಬೇರೆ. ನಂಬಿ ಒಪ್ಪಿಸಿದ್ದನ್ನು ನುಂಗಿ ಹಾಕಿದರೆ 406. ಅದನ್ನೇ ನಮ್ಮ ಪತ್ರಿಕೆಗಳು ‘ನಂಬಿಕೆ ದ್ರೋಹ’ ಅಂತ ಬರೆಯುತ್ತಿದ್ದವು. ಸುಳ್ಳು ಹೇಳಿ ನಂಬಿಸಿ ಕಿತ್ತುಕೊಂಡರೆ 420. ಅಂದರೆ ಮೋಸಗಾರನ ಮನಸ್ಸು ಮೊದಲೇ ಕೆಟ್ಟಿರುತ್ತದೆ. ನಂಬಿಕೆ ದ್ರೋಹದಲ್ಲಿ ಕೊಟ್ಟ ಗಳಿಗೆಯಲ್ಲಿ ಎಲ್ಲವೂ ನೆಟ್ಟಗೇ ಇದ್ದಿರಬಹುದು, ಕೆಡುವುದು ಆಮೇಲೆ. 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 316 ಮತ್ತು 318 ಆಗಿವೆ. ಆದರೂ ಜನರ ಬಾಯಲ್ಲಿ ‘ಫೋರ್ ಟ್ವೆಂಟಿ’ ಹೋಗಿಲ್ಲ, ಹೋಗುವ ಹಾಗೂ ಕಾಣಲ್ಲ.

ಇನ್ನೊಂದು ಕಡೆಯಿಂದ ನೋಡಿ. ಮಳೆ ಕೈಕೊಡುತ್ತದೆ. ಕರೆಂಟು ಕೈಕೊಡುತ್ತದೆ. ಆಗುಂಬೆ ಘಾಟಿಯಲ್ಲಿ ಬ್ರೇಕು ಕೈಕೊಡುತ್ತದೆ. ‘ಈ ಸಲ ಮುಂಗಾರು ಮೋಸ ಮಾಡ್ತು’ ಅಂತಲೂ ಅಂತೀವಿ. ಮಳೆ ದ್ರೋಹ ಮಾಡಿತು ಅಂತ ಯಾರೂ ಅಂದದ್ದು ನಾನು ಕೇಳಿಲ್ಲ. ದ್ರೋಹಕ್ಕೆ ಮನಸ್ಸಿರುವ ಮನುಷ್ಯನೇ ಬೇಕು.

ನನಗೆ ನಿಜವಾಗಿ ಕಾಡಿದ್ದು ಕ್ರಿಯಾಪದದ ವಿಷಯ. ಮೋಸಕ್ಕೆ ಎರಡೂ ಕಡೆಯ ಮಾತಿದೆ. ಅವನು ಮೋಸ ಮಾಡಿದ, ನಾನು ಮೋಸ ಹೋದೆ. ಅವನು ಟೋಪಿ ಹಾಕಿದ, ನಾನು ಹಾಕಿಸಿಕೊಂಡೆ. ದ್ರೋಹಕ್ಕೆ ಬಂದರೆ ಮಾಡಿದವನ ಮಾತು ಮಾತ್ರ ಇದೆ. ‘ನಾನು ದ್ರೋಹ ಹೋದೆ’ ಅನ್ನೋಕೆ ಬರಲ್ಲ. ‘ದ್ರೋಹಕ್ಕೆ ಒಳಗಾದೆ’ ಅನ್ನೋದು ಬರವಣಿಗೆಯ ಕನ್ನಡ, ಜಗಲಿ ಮೇಲೆ ಕೂತು ಯಾರೂ ಹಾಗೆ ಮಾತಾಡಲ್ಲ. ‘ನಂಬಿ ಕೆಟ್ಟೆ’ ಅನ್ನುತ್ತಾರೆ. ಹತ್ತಿರದ ಮಾತು, ನಿಜ. ಆದರೆ ಅದರಲ್ಲಿ ಕೆಡಿಸಿದವನು ಕಾಣುವುದೇ ಇಲ್ಲ, ತಪ್ಪೆಲ್ಲ ನಂಬಿದವನ ತಲೆಗೇ ಬರುತ್ತದೆ. ‘ಮೋಸ ಹೋದೆ’ಯಲ್ಲೂ ಅದೇ ನೆರಳು, ಅಲ್ವಾ? ನಾನೇ ಹೋಗಿ ಬಿದ್ದೆ ಅನ್ನುವ ಹಾಗೆ. ನೊಂದವರೇ ತಮ್ಮನ್ನು ಬೈದುಕೊಳ್ಳುವ ಮಾತು ಇದು ಅಂತ ನನಗೆ ಬೇಸರ.

‘ವಂಚಿತ’ ಇನ್ನೂ ವಿಚಿತ್ರ. ಮೂಲದಲ್ಲಿ ಮೋಸ ಹೋದವನು ಅಂತಲೇ ಅರ್ಥ. ಈಗ ‘ಸೌಲಭ್ಯ ವಂಚಿತ ಗ್ರಾಮ’ ಅಂತ ಓದಿದಾಗ ವಂಚಿಸಿದವರು ಯಾರು ಅಂತ ಯಾರಿಗೂ ಕೇಳಬೇಕು ಅನಿಸಲ್ಲ. ಏನೋ ಸಿಕ್ಕಿಲ್ಲ ಅಂತಷ್ಟೇ ಅರ್ಥ ಉಳಿದಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು, ಶರಾವತಿಯ ಹಿನ್ನೀರಿನಲ್ಲಿ ಮನೆ, ಗದ್ದೆ, ತೋಟ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಅಲೆದಿದ್ದಾರೆ. ಅವರನ್ನು ‘ಹಕ್ಕುಪತ್ರ ವಂಚಿತರು’ ಅಂದರೆ ವಿಷಯ ತಣ್ಣಗಾಗುತ್ತದೆ. ‘ಕೊಟ್ಟ ಮಾತಿಗೆ ತಪ್ಪಿದರು’ ಅಂದಾಗ ಮಾತು ಕೊಟ್ಟವರು ಒಬ್ಬರಿದ್ದರು ಅನ್ನುವುದಾದರೂ ನೆನಪಾಗುತ್ತದೆ.

ದ್ರೋಹ ಯಾವ ಕಡೆಗೆ ಹರಿಯುತ್ತದೆ ಅನ್ನುವುದನ್ನೂ ಗಮನಿಸಿ. ಸ್ವಾಮಿದ್ರೋಹ, ರಾಜದ್ರೋಹ, ಗುರುದ್ರೋಹ. ಎಲ್ಲವೂ ಕೆಳಗಿನವನು ಮೇಲಿನವನಿಗೆ ಮಾಡಿದ್ದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ಘರಟ್ಟ ಅಂದರೆ ಬೀಸುವ ಕಲ್ಲು. ದೊರೆಗೆ ಎರಡು ಬಗೆದವರನ್ನು ಹಿಟ್ಟು ಮಾಡುವವನು ಅಂತ. ‘ಉಂಡ ಮನೆಗೆ ಎರಡು ಬಗೆಯೋದು’ ಅನ್ನುವ ನಮ್ಮ ಮಾತೂ ಉಂಡವನ ಮೇಲಿನ ಆರೋಪವೇ. ಇಕ್ಕಿದವನು ಮಾಡಿದ ಅನ್ಯಾಯಕ್ಕೆ ಅದು ಒದಗಲ್ಲ.

ಹಾಗಾದರೆ ಒಡೆಯ ಒಕ್ಕಲಿಗೆ ಮಾಡಿದ್ದಕ್ಕೆ ಏನನ್ನಬೇಕು? ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳದ ಬೇರು ಇದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದಲ್ಲಿ. ಗೇಣಿ ಅಳೆಸಿಕೊಳ್ಳುವ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು ಅನ್ನುವುದು ರೈತರ ದೂರು. ರೈತ ಮುಖಂಡ ಎಚ್. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆಯಲ್ಲಿ ಆದದ್ದನ್ನು ಮೋಸ ಅಂದರೆ ಸಾಕೇ? ತಲೆತಲಾಂತರದಿಂದ ಒಡೆಯನ ಕೈಯ ಅಳತೆಯನ್ನು ನಂಬಿ ಸುರಿದವರ ಪಾಲಿಗೆ ಅದು ಸಂತೆಯ ತಕ್ಕಡಿ ಮೋಸಕ್ಕಿಂತ ಜಾಸ್ತಿ. ಇಂಥದ್ದಕ್ಕೆ ಗಾದೆಯೇನೋ ಇದೆ, ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’. ಒಂದೇ ಪದದಲ್ಲಿ ಹೇಳಲು ಹೋದರೆ ತಡವರಿಸುತ್ತೇವೆ. ಈಗ ಚಳವಳಿಗಳಲ್ಲಿ ‘ರೈತ ದ್ರೋಹಿ’, ‘ಜನದ್ರೋಹಿ’ ಅಂತ ಕೂಗುತ್ತಾರಲ್ಲ, ಅಲ್ಲಿ ಈ ಪದ ಮೇಲಿನವರ ಕಡೆಗೂ ತಿರುಗಿದೆ. ಪದಕ್ಕೆ ಇದೊಂದು ದೊಡ್ಡ ತಿರುವು ಅಂತಲೇ ನಾನು ತಿಳಿದಿದ್ದೇನೆ. ಘೋಷಣೆಯಲ್ಲಿ ಕೂಗಿ ಕೂಗಿ ಅದು ಸವೆಯದಿರಲಿ ಅನ್ನುವ ಆಸೆಯೂ ಇದೆ.

ಬಲ್ಲವರಲ್ಲಿ ನನ್ನ ಕೇಳಿಕೆ ಇದು. ದ್ರೋಹಕ್ಕೆ ಒಳಗಾದವರು ತಮ್ಮನ್ನೇ ಬೈದುಕೊಳ್ಳದೆ, ಮಾಡಿದವನನ್ನು ಮರೆಮಾಡದೆ ಹೇಳಿಕೊಳ್ಳುವ ಆಡುಮಾತು ನಿಮ್ಮ ಕಡೆ ಇದೆಯೇ? ‘ನನ್ನ ಕತ್ತು ಕುಯ್ದ’ ಅನ್ನುವುದು ನನಗೂ ಗೊತ್ತು. ಆದರೆ ಅದನ್ನು ಗಿರಾಕಿಗಳು ಅಂಗಡಿಯವನಿಗೂ ಅಂದುಬಿಡುತ್ತಾರೆ, ತೂಕ ಕಮ್ಮಿ. ಹೊಸನಗರ, ಸೊರಬ, ಕೊಪ್ಪ, ಶೃಂಗೇರಿ ಕಡೆಯ ಹಿರಿಯರ ಬಾಯಲ್ಲಿ, ಅದರಲ್ಲೂ ಹೆಂಗಸರ ಮಾತಿನಲ್ಲಿ ಬೇರೆ ಏನಾದರೂ ಕೇಳಿದ್ದರೆ, ಯಾವ ಸಂದರ್ಭದಲ್ಲಿ ಆಡಿದ್ದು ಅನ್ನುವುದರ ಸಮೇತ ಬರೆಯಿರಿ. ನಂಬು ಅನ್ನುವ ಅರ್ಥದ ‘ನೆಚ್ಚು’ ಧಾತುವಿನಿಂದ ಇಂಥ ಮಾತು ಏನಾದರೂ ಬಳಕೆಯಲ್ಲಿದೆಯೇ ಅನ್ನುವುದೂ ತಿಳಿಯಬೇಕಿದೆ.