ರಿಸೆಪ್ಷನ್ ಕೆಲಸ ಮಾಡಲು ಕೈಕಾಲಿನ ಕೂದಲು ತೆಗೆಸಲೇಬೇಕೆ?

ಪ್ರಶ್ನೆ — ಫ್ರಂಟ್ ಆಫೀಸ್ ಉದ್ಯೋಗಿ, ಮಡಿಕೇರಿ ಸಮೀಪ

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಸ್ವಲ್ಪ ದೂರದಲ್ಲಿರುವ ಒಂದು ರೆಸಾರ್ಟ್‌ನ ರಿಸೆಪ್ಷನ್‌ನಲ್ಲಿ ನಾನು ಎರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ವಯಸ್ಸು 26. ನಮ್ಮದು ಚಿಕ್ಕ ಜಿಲ್ಲೆ, ಯಾರು ಯಾರ ಮನೆಯವರೆಂಬುದು ಎಲ್ಲರಿಗೂ ಗೊತ್ತಿರುತ್ತದೆ, ಆದ್ದರಿಂದ ಹೆಸರು ಹೇಳದೆ ಬರೆಯುತ್ತಿದ್ದೇನೆ.

ಕಳೆದ ವರ್ಷದವರೆಗೆ ನಮಗೆ ಉದ್ದ ತೋಳಿನ ಕುರ್ತಾ ಯೂನಿಫಾರ್ಮ್ ಇತ್ತು. ಹುತ್ತರಿ ಮತ್ತು ಕಾವೇರಿ ಸಂಕ್ರಮಣದ ದಿನಗಳಲ್ಲಿ ಕೊಡವ ಶೈಲಿಯಲ್ಲಿ ಸೀರೆ ಉಟ್ಟು, ಅದಕ್ಕೆ ಉದ್ದ ತೋಳಿನ ಕುಪ್ಪಸ ತೊಟ್ಟು ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದೆವು. ಈ ವರ್ಷ ಮೇ ತಿಂಗಳಿನಲ್ಲಿ ಯೂನಿಫಾರ್ಮ್ ಬದಲಾಯಿತು. ಈಗ ಗಿಡ್ಡ ತೋಳಿನ ಟಾಪ್ ಮತ್ತು ಮೊಣಕಾಲಿನವರೆಗಿನ ಸ್ಕರ್ಟ್. ಆಷಾಢದ ಮಳೆಯಲ್ಲಿ ಈ ಬಟ್ಟೆ ತೊಟ್ಟು ಬಾಗಿಲ ಬಳಿ ನಿಂತರೆ ಹೇಗಿರುತ್ತದೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಜುಲೈನಲ್ಲಿ ಒಂದು ಸಂಜೆ ಬೆಂಗಳೂರಿನಿಂದ ಬಂದ ಕುಟುಂಬವೊಂದಕ್ಕೆ ಸಹಿ ಮಾಡಲೆಂದು ರಿಜಿಸ್ಟರನ್ನು ಮುಂದಕ್ಕೆ ಸರಿಸಿದೆ. ಕೌಂಟರಿನ ಮೇಲೆ ತಗ್ಗಿನಲ್ಲಿ ತೂಗುವ ಒಂದು ದೀಪವಿದೆ, ಅದರ ಬೆಳಕು ನೇರವಾಗಿ ಮುಂಗೈಯ ಮೇಲೆ ಬೀಳುತ್ತದೆ. ಅತಿಥಿಗಳು ಏನೂ ಹೇಳಲಿಲ್ಲ. ಅವರು ಕೋಣೆಗೆ ಹೋದ ಮೇಲೆ ಮ್ಯಾನೇಜರ್ ನನ್ನನ್ನು ಒಳಗೆ ಕರೆದು, ತಮ್ಮ ಕೈಯನ್ನೇ ಸವರಿ ತೋರಿಸುತ್ತ, “ಇದನ್ನೆಲ್ಲ ಸ್ವಲ್ಪ ಕ್ಲೀನ್ ಮಾಡಿಸಿಕೊಂಡು ಬನ್ನಿ ಅಮ್ಮಾ, ಗೆಸ್ಟ್ ಕಣ್ಣಿಗೆ ಬೀಳುತ್ತದೆ” ಎಂದರು. ಮರುದಿನ ಸಿಬ್ಬಂದಿಯ ವಾಟ್ಸಾಪ್ ಗುಂಪಿನಲ್ಲಿ, ಹೆಂಗಸರೆಲ್ಲ ಮೂರು ವಾರಕ್ಕೊಮ್ಮೆ ಕೈ, ಕಾಲು ಮತ್ತು ಮೇಲ್ತುಟಿಯ ಕೂದಲು ತೆಗೆಸಿಕೊಂಡು ಬರಬೇಕೆಂಬ ಸೂಚನೆ ಬಂತು. ಗಂಡಸರಿಗೆ ಗಡ್ಡ ನೀಟಾಗಿರಲಿ ಎಂದಷ್ಟೇ ಇತ್ತು. ನನ್ನ ಪಕ್ಕದಲ್ಲಿ ನಿಂತು ಅದೇ ಕೌಂಟರಿನ ಮೇಲೆ, ಅದೇ ದೀಪದ ಕೆಳಗೆ ಕೈಯೂರುವ ಸಹೋದ್ಯೋಗಿಯ ಮುಂಗೈಯ ಬಗ್ಗೆ ಒಂದು ಮಾತೂ ಇರಲಿಲ್ಲ.

ನನಗೆ 21ನೇ ವಯಸ್ಸಿನಲ್ಲಿ ಪಿಸಿಒಎಸ್ (ಹಾರ್ಮೋನಿನ ಏರುಪೇರಿನಿಂದ ಮುಟ್ಟು ಏರುಪೇರಾಗುವ, ಮುಖದಲ್ಲಿ ಕೂದಲು ಬರುವ ತೊಂದರೆ) ಇದೆಯೆಂದು ವೈದ್ಯರು ಹೇಳಿದ್ದಾರೆ. ಗಲ್ಲದ ಮೇಲೆ ಬರುವ ನಾಲ್ಕಾರು ಗಟ್ಟಿ ಕೂದಲನ್ನು ನಾನೇ ಕಿತ್ತುಕೊಳ್ಳುತ್ತೇನೆ. ಅದು ನನ್ನ ಇಷ್ಟ, ಅದಕ್ಕೆ ಯಾರ ಒತ್ತಾಯವೂ ಇಲ್ಲ. ಆದರೆ ಕೈಗೆ ವ್ಯಾಕ್ಸ್ ಮಾಡಿಸಿದಾಗ ಕೂದಲಿನ ಬುಡದಲ್ಲೆಲ್ಲ ಕೀವು ತುಂಬಿದ ಗುಳ್ಳೆಗಳೆದ್ದು, ಹತ್ತು ದಿನ ತೋಳಿಗೆ ಬಟ್ಟೆ ತಾಗಿಸಲಾಗದೆ ಒದ್ದಾಡಿದ್ದೇನೆ. ಸಂಬಳ 17,000. ಕೈ, ಕಾಲು, ಮುಖ ಎಲ್ಲ ಸೇರಿ ಪಾರ್ಲರಿನಲ್ಲಿ ಒಂದು ಸಲಕ್ಕೆ 1,200 ರೂಪಾಯಿಯಾಗುತ್ತದೆ, ಜೊತೆಗೆ ಅರ್ಧ ದಿನದ ರಜೆ.

ಹೀಗೆ ಕೇಳುವ ಹಕ್ಕು ಅವರಿಗಿದೆಯೇ? ಕೆಲಸಕ್ಕೆ ತೊಂದರೆಯಾಗದಂತೆ ಇದಕ್ಕೆ ಹೇಗೆ ಉತ್ತರಿಸಬಹುದು? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ — ಶುಶ್ರೂಷಕಿ, ವಿರಾಜಪೇಟೆ

ತಂಗಿ, ಆಸ್ಪತ್ರೆಯಲ್ಲಿ 19 ವರ್ಷ ಕೆಲಸ ಮಾಡಿದವಳಾಗಿ ಮೊದಲು ‘ಕ್ಲೀನ್’ ಎಂಬ ಆ ಮಾತಿನ ಬಗ್ಗೆಯೇ ಬರೆಯುತ್ತೇನೆ, ಏಕೆಂದರೆ ನಿಮಗೆ ಆದ ಅನ್ಯಾಯವೆಲ್ಲ ಆ ಒಂದು ಪದದೊಳಗೆ ಅಡಗಿದೆ.

ಶುಚಿತ್ವದ ವಿಷಯದಲ್ಲಿ ಆಸ್ಪತ್ರೆಗಿಂತ ಕಟ್ಟುನಿಟ್ಟಾದ ಜಾಗ ಇನ್ನೊಂದಿಲ್ಲ. ವಾರ್ಡಿಗೆ ಹೋಗುವಾಗ ಉಗುರು ಕತ್ತರಿಸಿರಬೇಕು, ಬಳೆ, ಉಂಗುರ, ಗಡಿಯಾರ ತೆಗೆದಿರಬೇಕು, ತಲೆಗೂದಲು ಕಟ್ಟಿರಬೇಕು, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಬೇಕು. ಇಷ್ಟು ವರ್ಷಗಳಲ್ಲಿ ಮುಂಗೈಯ ಕೂದಲು ತೆಗೆಸಿಕೊಂಡು ಬನ್ನಿ ಎಂದು ಯಾವ ವೈದ್ಯರೂ ನನಗೆ ಹೇಳಿಲ್ಲ. ಅಷ್ಟೇ ಅಲ್ಲ, ಹಿಂದೆ ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯ ಮೈಯನ್ನು ಬ್ಲೇಡಿನಿಂದ ಬೋಳಿಸುವ ಪದ್ಧತಿಯಿತ್ತು. ವಿಶ್ವ ಆರೋಗ್ಯ ಸಂಸ್ಥೆ 2016ರ ತನ್ನ ಮಾರ್ಗಸೂಚಿಯಲ್ಲಿ ಅದನ್ನು ಬಿಡಬೇಕೆಂದು ಸ್ಪಷ್ಟವಾಗಿ ಹೇಳಿತು. ಕೂದಲನ್ನು ಹಾಗೆಯೇ ಬಿಡಬೇಕು, ತೆಗೆಯಲೇಬೇಕಾದರೆ ಕ್ಲಿಪ್ಪರಿನಿಂದ ಮಾತ್ರ ಕತ್ತರಿಸಬೇಕು, ಬೋಳಿಸಬಾರದು. ಬ್ಲೇಡು ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರುಗಳನ್ನು ಮಾಡುತ್ತದೆ, ಆ ಗೀರುಗಳಲ್ಲಿ ರೋಗಾಣುಗಳು ನೆಲೆಸುತ್ತವೆ. ಹೊಟ್ಟೆ ಕೊಯ್ಯುವ ಜಾಗದಲ್ಲಿಯೇ ಕೂದಲು ಕೊಳೆಯಲ್ಲವೆಂದಾದರೆ, ರಿಜಿಸ್ಟರಿಗೆ ಸಹಿ ಹಾಕಿಸುವ ಕೈಯಲ್ಲಿ ಅದು ಹೇಗೆ ಕೊಳೆಯಾಗುತ್ತದೆ?

ನಿಮ್ಮ ಗುಳ್ಳೆಗಳ ವಿಷಯ. ವ್ಯಾಕ್ಸ್ ಕೂದಲನ್ನು ಬುಡಸಮೇತ ಕೀಳುತ್ತದೆ. ಆಗ ತೆರೆದುಕೊಂಡ ರಂಧ್ರಗಳಿಗೆ ಸೋಂಕು ತಗಲಿದರೆ ನೀವು ಹೇಳಿದಂತೆಯೇ ಕೀವು ತುಂಬುತ್ತದೆ. ನಮ್ಮ ಮಳೆಗಾಲದಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಪೂರ್ತಿ ಒಣಗುವುದಿಲ್ಲ, ಅರೆಒದ್ದೆ ತೋಳು ಆ ಚರ್ಮಕ್ಕೆ ಉಜ್ಜುತ್ತಲೇ ಇರುತ್ತದೆ. ಮತ್ತೆ ಹಾಗಾದರೆ ಸಹಿಸಿಕೊಂಡು ಕೂರಬೇಡಿ, ಮಡಿಕೇರಿಯ ಜಿಲ್ಲಾಸ್ಪತ್ರೆಯಲ್ಲಿ ಚರ್ಮರೋಗ ವೈದ್ಯರಿಗೆ ತೋರಿಸಿ, ವ್ಯಾಕ್ಸ್ ಮಾಡಿಸಬಾರದೆಂದು ಅವರಿಂದ ಒಂದು ಚೀಟಿಯನ್ನೂ ಬರೆಸಿಕೊಳ್ಳಿ.

ಇನ್ನೊಂದು ವಿಷಯ ನಿಮಗೆ ತಿಳಿದಿರಬೇಕು. ಹೆಂಗಸರಲ್ಲಿ ಅಧಿಕ ರೋಮ ಬೆಳೆಯುವುದನ್ನು ಅಳೆಯಲು ವೈದ್ಯರು 1961ರಲ್ಲಿ ಫೆರಿಮನ್ ಮತ್ತು ಗಾಲ್ವೇ ಎಂಬಿಬ್ಬರು ರೂಪಿಸಿದ ಒಂದು ಅಂಕಪಟ್ಟಿಯನ್ನು ಬಳಸುತ್ತಾರೆ. ಈಗ ಚಾಲ್ತಿಯಲ್ಲಿರುವ ಅದರ ಪರಿಷ್ಕೃತ ರೂಪದಲ್ಲಿ ಮೇಲ್ತುಟಿ, ಗಲ್ಲ, ಎದೆ, ಬೆನ್ನು, ತೊಡೆ ಮುಂತಾದ ಒಂಬತ್ತು ಭಾಗಗಳಿವೆ, ಆದರೆ ಮುಂಗೈ ಮತ್ತು ಮೊಣಕಾಲಿನ ಕೆಳಗಿನ ಕಾಲು ಆ ಪಟ್ಟಿಯಲ್ಲಿಲ್ಲ. ಅಲ್ಲಿ ಕೂದಲಿರುವುದು ಕಾಯಿಲೆಯ ಲಕ್ಷಣವೆಂದು ವೈದ್ಯಶಾಸ್ತ್ರ ಎಣಿಸುವುದಿಲ್ಲ. ನಿಮ್ಮ ಗಲ್ಲದ ಕೂದಲಿಗೆ ಪಿಸಿಒಎಸ್ ಕಾರಣವಿರಬಹುದು. ನಿಮ್ಮ ಮುಂಗೈಯ ಕೂದಲು ಬರಿಯ ಕೂದಲು. ಪಿಸಿಒಎಸ್ ಕೂಡ ಸುಮಾರು ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇರುವಂಥದ್ದು, ಮುಟ್ಟು ಮತ್ತು ಸಕ್ಕರೆಯ ತಪಾಸಣೆ ತಪ್ಪಿಸಬೇಡಿ, ನಾಚಿಕೊಳ್ಳಲೂ ಬೇಡಿ.

ಉತ್ತರ — ಹೋಂಸ್ಟೇ ನಡೆಸುವವರು, ಕಕ್ಕಬ್ಬೆ

ಇಲ್ಲಿ ಬೇರೆ ಅಭಿಪ್ರಾಯ ಹೇಳಿದರೆ ಬೇಸರವಾಗಬಹುದು, ಆದರೂ ಹೇಳುತ್ತೇನೆ. ನಮ್ಮಂಥವರ ಹೊಟ್ಟೆಪಾಡು ಅತಿಥಿಗಳು ಬರೆಯುವ ನಾಲ್ಕು ಸಾಲಿನ ಮೇಲೆ ನಿಂತಿದೆ. ರಸ್ತೆ ಕುಸಿದ ವರ್ಷಗಳಲ್ಲಿ ತಿಂಗಳುಗಟ್ಟಲೆ ಒಂದು ಬುಕಿಂಗೂ ಇಲ್ಲದೆ ಕುಳಿತವರು ನಾವು. ಒಮ್ಮೆ ಒಬ್ಬ ಅತಿಥಿ ಊಟವನ್ನು ಹೊಗಳಿ, ಬಡಿಸುವವರು ನೀಟಾಗಿಲ್ಲವೆಂದು ಬರೆದಿದ್ದರು. ಅದನ್ನು ಓದಿದ ದಿನ ನಾನೂ ನಮ್ಮ ಹುಡುಗಿಯೊಬ್ಬಳಿಗೆ ಪಾರ್ಲರಿಗೆ ಹೋಗಿ ಬಾ ಎಂದಿದ್ದೆ. ಅತಿಥಿ ಸತ್ಕಾರದ ಉದ್ಯೋಗದಲ್ಲಿ ನೋಟವೂ ಕೆಲಸದ ಒಂದು ಭಾಗ, ನೀಟ್ ಎಂದರೆ ಏನೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ ಎಂದೇ ನನ್ನ ನಂಬಿಕೆ.

ಆದರೆ ಖರ್ಚನ್ನು ಅವಳ ತಲೆಗೆ ಕಟ್ಟಿದ್ದು ತಪ್ಪೆಂದು ಈ ಪ್ರಶ್ನೆ ಓದಿದ ಮೇಲೆ ಅನ್ನಿಸುತ್ತಿದೆ. ಕೇಳುವವರು ಹಣ ಮತ್ತು ಸಮಯ ಎರಡನ್ನೂ ಕೊಡಬೇಕು. ಚರ್ಮಕ್ಕೆ ಆಗದವರಿಗೆ ಉದ್ದ ತೋಳು ಕೊಡಬೇಕು.

ಉತ್ತರ — ಉಪನ್ಯಾಸಕಿ, ಗೋಣಿಕೊಪ್ಪಲು

ಕಕ್ಕಬ್ಬೆಯ ಅಕ್ಕನವರು ಮನಸ್ಸು ಬಿಚ್ಚಿ ಬರೆದಿದ್ದಾರೆ, ಅದಕ್ಕೆ ಗೌರವವಿದೆ. ಆದರೆ ‘ನೀಟ್ ಎಂದರೆ ಎಲ್ಲರಿಗೂ ಗೊತ್ತು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಕೂದಲು ತೆಗೆಯುವ ರೂಢಿ ಹಳೆಯದು. ಸಕ್ಕರೆ ಪಾಕದಿಂದ ಕೀಳುವುದು, ನೂಲಿನಿಂದ ಎಳೆಯುವುದು ಪಶ್ಚಿಮ ಏಷ್ಯಾದಿಂದ ನಮ್ಮವರೆಗೆ ಬಹುಕಾಲದಿಂದ ಇವೆ. ಆದರೆ ಅದಿಲ್ಲದೆ ಹೆಂಗಸು ನಾಲ್ಕು ಜನರ ಮುಂದೆ ನಿಲ್ಲಬಾರದೆಂಬ ನಿಯಮದ ಇತಿಹಾಸ ಬೇರೆ. ಅಮೆರಿಕದ ಜಿಲೆಟ್ ಕಂಪನಿ ಹೆಂಗಸರಿಗೆಂದೇ ತನ್ನ ಮೊದಲ ರೇಜರನ್ನು ಮಾರುಕಟ್ಟೆಗೆ ತಂದದ್ದು 1915ರಲ್ಲಿ. ತೋಳಿಲ್ಲದ ಉಡುಪು ಅಲ್ಲಿ ಆಗಷ್ಟೇ ಫ್ಯಾಷನ್ ಆಗಿತ್ತು, ಕಂಕುಳಿನ ಕೂದಲು ನಾಚಿಕೆಗೇಡೆಂದು ಜಾಹೀರಾತುಗಳು ಹೇಳತೊಡಗಿದವು. ಎರಡನೇ ಮಹಾಯುದ್ಧದ ಕಾಲದಲ್ಲಿ ನೈಲಾನ್ ಸೈನ್ಯದ ಪಾಲಾಗಿ ಕಾಲುಚೀಲ ಸಿಗದಾದಾಗ ಬರಿಗಾಲು ಕಾಣುವಂತಾಯಿತು, ಕಾಲು ಬೋಳಿಸುವ ರೂಢಿಯೂ ಬಲವಾಯಿತು. ಮೊದಲು ಬಟ್ಟೆ ಗಿಡ್ಡವಾಯಿತು, ಆಮೇಲೆ ಮೈ ತಪ್ಪಾಯಿತು.

ಪ್ರಶ್ನೆ ಕೇಳಿದ ತಂಗಿಯ ರೆಸಾರ್ಟಿನಲ್ಲಿ ನಡೆದದ್ದೂ ಇದೇ. ಕುಪ್ಪಸದ ತೋಳು ಮಣಿಕಟ್ಟಿನವರೆಗೆ ಇದ್ದಾಗ ಅವರ ಕೈ ಕೊಳೆಯಾಗಿರಲಿಲ್ಲ. ಮೇ ತಿಂಗಳಿನಲ್ಲಿ ಬದಲಾದದ್ದು ದರ್ಜಿಯ ಅಳತೆ ಮಾತ್ರ. ಕೊಡಗಿನ ಚಳಿಗೆ ಒಪ್ಪುವ ಉಡುಪನ್ನು ಬಿಟ್ಟು ಒಪ್ಪದ ಉಡುಪನ್ನು ತಂದವರು, ಅದರ ಬೆಲೆಯನ್ನು ಹೆಣ್ಣುಮಕ್ಕಳ ಚರ್ಮದಿಂದ ವಸೂಲಿ ಮಾಡುವುದು ಯಾವ ನ್ಯಾಯ?

ಉತ್ತರ — ವಕೀಲೆ, ಮಡಿಕೇರಿ

ಕಾನೂನಿನ ಮಟ್ಟಿಗೆ ಇರುವುದನ್ನು ಇರುವಂತೆಯೇ ಹೇಳುತ್ತೇನೆ, ಇಲ್ಲದ ಭರವಸೆ ಕೊಟ್ಟರೆ ನಿಮಗೇ ತೊಂದರೆ. ಮೈಯ ಕೂದಲಿನ ಬಗ್ಗೆ ಉದ್ಯೋಗದಾತರು ಹೀಗೆ ಕೇಳಬಾರದೆಂದು ನೇರವಾಗಿ ಹೇಳುವ ಕಾನೂನು ನಮ್ಮಲ್ಲಿಲ್ಲ. ಯೂನಿಫಾರ್ಮ್ ಗೊತ್ತುಮಾಡುವ ಅಧಿಕಾರ ಅವರಿಗೆ ಇದೆ.

ಆದರೂ ನಿಮ್ಮ ಕೈ ಬರಿದಾಗಿಲ್ಲ. ಸುಪ್ರೀಂ ಕೋರ್ಟ್ 2014ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಪ್ರಕರಣದಲ್ಲಿ ತೀರ್ಪು ಕೊಡುವಾಗ, ವ್ಯಕ್ತಿಯ ರೂಪ ಮತ್ತು ಉಡುಪಿನ ಆಯ್ಕೆಯು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆಂದು ಹೇಳಿದೆ. ಅದಕ್ಕೂ ಹಿಂದೆ, 1981ರಲ್ಲಿ, ಗಗನಸಖಿಯರು ಮೊದಲ ಸಲ ಗರ್ಭಿಣಿಯಾದರೆ ಕೆಲಸದಿಂದ ತೆಗೆಯುವ ನಿಯಮವನ್ನು ಅದೇ ನ್ಯಾಯಾಲಯ ರದ್ದುಮಾಡಿದೆ. ಈ ಹಕ್ಕುಗಳು ಮೊದಲಿಗೆ ಅನ್ವಯಿಸುವುದು ಸರ್ಕಾರಕ್ಕೆ, ಇವುಗಳ ಆಧಾರದಲ್ಲಿ ಖಾಸಗಿ ರೆಸಾರ್ಟಿನ ಮೇಲೆ ನೇರವಾಗಿ ದಾವೆ ಹೂಡುವುದು ಸುಲಭವಲ್ಲ. ಆದರೆ ಪತ್ರ ಬರೆಯುವಾಗ ಇವನ್ನು ಉಲ್ಲೇಖಿಸಿದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಹೆಚ್ಚು ಉಪಯೋಗಕ್ಕೆ ಬರುವುದು ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಕೂದಲು ತೆಗೆಸಿ ಎಂಬ ಒಂದು ಸೂಚನೆಯಷ್ಟೇ ಅದರಡಿ ಬರುತ್ತದೆಂದು ನಾನು ಹೇಳಲಾರೆ. ಆದರೆ ಮೈಯನ್ನು ದಿಟ್ಟಿಸಿ ನೋಡಿ, ಮೈಯ ಭಾಗಗಳನ್ನು ಹೆಸರಿಸಿ ಲೈಂಗಿಕ ಧ್ವನಿಯ ಮಾತನಾಡುವುದು ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷರು ಮಹಿಳೆಯಾಗಿರಬೇಕು. ಅದಕ್ಕಿಂತ ಕಡಿಮೆ ಜನರಿರುವ ಹೋಂಸ್ಟೇಗಳಲ್ಲಿ ದುಡಿಯುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಹೆಣ್ಣುಮಕ್ಕಳು ಇಂಥ ಚಿಕ್ಕ ಜಾಗಗಳಲ್ಲಿಯೇ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ದೂರು ಲಿಖಿತವಾಗಿರಬೇಕು, ಘಟನೆಯಾದ ಮೂರು ತಿಂಗಳೊಳಗೆ ಕೊಡಬೇಕು.

ಸದ್ಯಕ್ಕೆ ದೂರಿಗಿಂತ ಪತ್ರ ಮೇಲು. ವಾಟ್ಸಾಪ್ ಸೂಚನೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ವೈದ್ಯರ ಚೀಟಿ ಲಗತ್ತಿಸಿ, ಉಡುಪು, ಉಗುರು, ತಲೆಗೂದಲು ಮತ್ತು ಸ್ನಾನದ ವಿಷಯದಲ್ಲಿ ಎಲ್ಲ ನಿಯಮಗಳನ್ನೂ ಪಾಲಿಸುತ್ತೇನೆ, ಗಂಡಸರಿಗೆ ಇಲ್ಲದ ನಿಯಮವನ್ನು ಹೆಂಗಸರಿಗೆ ಮಾತ್ರ ಹಾಕಿರುವುದಕ್ಕೆ ಕಾರಣ ತಿಳಿಸಿ, ಉದ್ದ ತೋಳಿನ ಯೂನಿಫಾರ್ಮನ್ನು ಆಯ್ಕೆಯಾಗಿ ಕೊಡಿ ಎಂದು ಬರೆಯಿರಿ. ಸಿಟ್ಟಿನ ಒಂದು ಪದವೂ ಬೇಡ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆ. ವಕೀಲೆ ಮೇಡಂ ಹೇಳಿದಂತೆಯೇ ಪತ್ರ ಬರೆದೆ. ಒಬ್ಬಳೇ ಕೊಡಲು ಧೈರ್ಯ ಸಾಲದೆ, ಕ್ಯಾಂಟೀನಿನಲ್ಲಿ ಇತರರಿಗೆ ತೋರಿಸಿದಾಗ ಇನ್ನೂ ನಾಲ್ವರು ಸಹಿ ಹಾಕಿದರು. ಅವರಲ್ಲಿ ಒಬ್ಬರು ಹೌಸ್‌ಕೀಪಿಂಗ್ ಅಕ್ಕ. ಬಾತ್‌ರೂಮ್ ತೊಳೆಯುವ ದ್ರಾವಣ ತಗಲುವ ಕೈಗೆ ವ್ಯಾಕ್ಸ್ ಮಾಡಿಸಿ, ಮರುದಿನ ಕೆಲಸಕ್ಕೆ ಬಂದು, ಉರಿ ತಡೆಯಲಾಗದೆ ಹಿಟ್ಟಿನ ಡಬ್ಬದಲ್ಲಿ ಕೈ ಅದ್ದಿಕೊಂಡಿದ್ದರಂತೆ. ಎರಡು ತಿಂಗಳಿನಿಂದ ಅದನ್ನು ಯಾರಿಗೂ ಹೇಳಿರಲಿಲ್ಲ.

ಮ್ಯಾನೇಜರ್ ಪತ್ರ ಓದಿ, ಬೇಕಾದರೆ ನೀವು ಹಳೆಯ ಯೂನಿಫಾರ್ಮ್ ಹಾಕಿಕೊಳ್ಳಿ ಎಂದು ಬಾಯಲ್ಲಿ ಹೇಳಿದ್ದಾರೆ. ಗುಂಪಿನಲ್ಲಿರುವ ಸೂಚನೆಯನ್ನು ಹಿಂತೆಗೆದುಕೊಂಡಿಲ್ಲ. ನನಗೊಬ್ಬಳಿಗೆ ವಿನಾಯಿತಿ ಕೊಟ್ಟು ಉಳಿದ ನಾಲ್ವರನ್ನು ಹಾಗೆಯೇ ಬಿಡುವುದು ನನಗೆ ಒಪ್ಪಿಗೆಯಿಲ್ಲ, ಆದ್ದರಿಂದ ಐವರಿಗೂ ಲಿಖಿತ ಉತ್ತರ ಬೇಕೆಂದು ಕೇಳಿದ್ದೇನೆ. ಪತ್ರ ಸ್ವೀಕರಿಸಿದ್ದಕ್ಕೆ ಮಾತ್ರ ಸಹಿ ಕೊಡುತ್ತಿಲ್ಲ. ಮುಂದೇನು ಮಾಡಲಿ?

ಉತ್ತರ — ವಕೀಲೆ, ಮಡಿಕೇರಿ

ಐವರ ಸಹಿಯಿರುವ ಪ್ರತಿಯನ್ನು ರೆಸಾರ್ಟಿನ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನವಾಗಿಡಿ. ಅದೇ ದಿನ ಮಾಲೀಕರಿಗೆ ಇಮೇಲ್ ಕೂಡ ಕಳುಹಿಸಿ. ಹೌಸ್‌ಕೀಪಿಂಗ್ ಅಕ್ಕನವರು ತಮ್ಮ ಕೈಗೆ ಆದದ್ದನ್ನು ದಿನಾಂಕ ಹಾಕಿ ಬರೆದಿಡಲಿ, ಬರೆಯಲು ಬರದಿದ್ದರೆ ಅವರು ಹೇಳಿದ್ದನ್ನು ನೀವು ಬರೆದು ಓದಿ ಹೇಳಿ ಸಹಿ ಹಾಕಿಸಿಕೊಳ್ಳಿ. ಜುಲೈನ ಆ ಸಂಜೆಯಿಂದ ಮೂರು ತಿಂಗಳೆಂದರೆ ಅಕ್ಟೋಬರ್. ಅಷ್ಟರೊಳಗೆ ಉತ್ತರ ಬಾರದಿದ್ದರೆ ಕಾಗದಗಳನ್ನೆಲ್ಲ ತೆಗೆದುಕೊಂಡು ಬನ್ನಿ, ಆ ಸಂಜೆಯ ಮಾತು ಕಾಯ್ದೆಯಡಿ ಬರುತ್ತದೆಯೇ ಎಂದು ಕುಳಿತು ನೋಡೋಣ.