ಅಪ್‌ಡೇಟ್: ಫಂಗಸ್ ಎಂದುಕೊಂಡಿದ್ದು ಬೇರೆಯೇ ಆಗಿತ್ತು
ಬಿಳಿಸೆರಗಿನ ಜೊತೆ ವಾಸನೆ ಬರುತ್ತಿದೆ, ಮೆಡಿಕಲ್ ಅಂಗಡಿಯಿಂದ ತಂದ ಫಂಗಸ್ ಮಾತ್ರೆಗೂ ಬಗ್ಗುತ್ತಿಲ್ಲ ಎಂದು ಹದಿನೈದು ದಿನಗಳ ಹಿಂದೆ ಇಲ್ಲಿ ಕೇಳಿದ್ದೆ. ನೀವು ಒತ್ತಾಯಿಸಿದಂತೆ ಸಂಕೋಚ ಬಿಟ್ಟು ಸ್ತ್ರೀರೋಗ ತಜ್ಞೆಯನ್ನು ಕಂಡೆ. ಅವರು ಸ್ರಾವವನ್ನು ಸಣ್ಣ ಕಾಗದದ ಪಟ್ಟಿಗೆ ಸವರಿ, ಬದಲಾದ ಬಣ್ಣ ತೋರಿಸಿ, ಪಿಎಚ್ (ಆಮ್ಲೀಯತೆಯ ಅಳತೆ, ಏರಿದಷ್ಟೂ ಆಮ್ಲೀಯತೆ ಕಡಿಮೆ) 4.5 ಮೀರಿದೆ ಎಂದರು. ಫಂಗಸ್ ಸೋಂಕಿನಲ್ಲಿ ಅದು ಸಾಮಾನ್ಯವಾಗಿ ಏರುವುದಿಲ್ಲ, ಸ್ರಾವ ಒಡೆದ ಮೊಸರಿನಂತಿದ್ದು ತುರಿಕೆಯೇ ಹೆಚ್ಚಿರುತ್ತದೆ. ನನ್ನದೋ ತೆಳ್ಳಗೆ, ಬೂದುಬಣ್ಣಕ್ಕೆ ತಿರುಗಿ ಮೀನಿನ ವಾಸನೆ ಬೀರುತ್ತಿತ್ತು. ಅದು ಬ್ಯಾಕ್ಟೀರಿಯಲ್ ವಜೈನೋಸಿಸ್ (ಯೋನಿಯಲ್ಲಿನ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪುವ ತೊಂದರೆ) ಎಂದು ಸೂಕ್ಷ್ಮದರ್ಶಕದಲ್ಲೂ ಖಚಿತವಾಯಿತು. ಅವರು ಬರೆದುಕೊಟ್ಟ 7 ದಿನಗಳ ಮೆಟ್ರೋನಿಡಜೋಲ್ ಎಂಬ ಆ್ಯಂಟಿಬಯಾಟಿಕ್ ಮುಗಿದಿದ್ದು, ಬಾಯಲ್ಲಿ ಲೋಹದ ರುಚಿ ಬಿಟ್ಟರೆ ತೊಂದರೆಯಾಗಲಿಲ್ಲ, ವಾಸನೆಯೂ ಹೋಗಿದೆ. ಪರಿಮಳದ ವಾಶ್‌ನಿಂದ ಒಳಗೆ ತೊಳೆಯುವ ನನ್ನ ಅತಿಜಾಣತನವನ್ನೂ ನಿಲ್ಲಿಸಿದ್ದೇನೆ. ಜ್ವರ ಅಥವಾ ಕಿಬ್ಬೊಟ್ಟೆ ನೋವು ಜೊತೆಗಿದ್ದರೆ, ಇಲ್ಲವೇ ಗರ್ಭಿಣಿಯಾಗಿದ್ದರೆ, ಹೀಗೆ ಕಾಯುತ್ತ ಕೂರಬಾರದೆಂದು ಅವರು ಎಚ್ಚರಿಸಿದರು.