77ರ ಕಾರ್ವೆಟ್‌ಗೆ ಹೊಸ ಪೇಂಟ್: ಬಂಪರ್ ಕವರ್ ಯುರೆಥೇನೋ, ಫೈಬರ್‌ಗ್ಲಾಸೋ?

ಶಾರ್ಕ್77 (ಕೇಟಿ, ಟೆಕ್ಸಸ್)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1977ರ ಕಾರ್ವೆಟ್ ಇದೆ, ಷೆವರ್ಲೆಯ ಫೈಬರ್‌ಗ್ಲಾಸ್ ಬಾಡಿಯ ಸ್ಪೋರ್ಟ್ಸ್ ಕಾರು. ಬಿಳಿ ಬಣ್ಣ, ಎಲ್48 ಅನ್ನುವ ವಿ8 ಎಂಜಿನ್, ಆಟೊಮ್ಯಾಟಿಕ್. ಹಿಂದಿನ ಮಾಲೀಕರು ಇದನ್ನು ಮನೆ ಹೊರಗೇ ನಿಲ್ಲಿಸುತ್ತಿದ್ದರಂತೆ. ಹ್ಯೂಸ್ಟನ್ ಕಡೆ ಬಿಸಿಲು ಗೊತ್ತಲ್ಲ! ಹಿಂಬದಿಯ ಬಂಪರ್ ಕವರ್ ಸುಟ್ಟ ಹಪ್ಪಳದ ಹಾಗೆ ಏರುಪೇರಾಗಿದೆ. ನಾಲ್ಕು ದೀಪಗಳ ಸುತ್ತಲೂ ಬಿರುಕು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಮುಂದಿನದರ ಆಕಾರ ಪರವಾಗಿಲ್ಲ, ಆದರೆ ಮೇಲಿನ ಪೇಂಟ್ ಪೂರ್ತಿ ಸೀಳಿದೆ.

ಈಗ ಇಡೀ ಕಾರಿಗೆ ಬೆಳ್ಳಿ ಮೆಟಾಲಿಕ್ ಹೊಡೆಸಬೇಕು ಅಂತಿದ್ದೇನೆ. ಕವರ್‌ಗಳಲ್ಲಿ ಮೂರು ಬಗೆ ಸಿಗುತ್ತಿವೆ: ಮೂಲದಂಥದೇ ಯುರೆಥೇನ್ (ಬಾಗುವ, ರಬ್ಬರಿನಂಥ ಪ್ಲಾಸ್ಟಿಕ್), ಗಟ್ಟಿ ಫೈಬರ್‌ಗ್ಲಾಸ್, ಇವೆರಡರ ನಡುವಿನ ಸ್ವಲ್ಪ ಬಾಗುವ ಫೈಬರ್‌ಗ್ಲಾಸ್. ಬಾಡಿ ಶಾಪ್‌ನವನು ಕಣ್ಣು ಮುಚ್ಚಿಕೊಂಡು ಫೈಬರ್‌ಗ್ಲಾಸ್ ಹಾಕಿಸಿ ಅನ್ನುತ್ತಾನೆ. ಅವನಿಗೆ ಕೆಲಸ ಸುಲಭ ಅಂತಲೋ, ನನಗೆ ಒಳ್ಳೇದು ಅಂತಲೋ ತಿಳಿಯುತ್ತಿಲ್ಲ. ಕಾರು ಶೋಗೆ ಹೋಗುವುದಿಲ್ಲ. ವಾರಾಂತ್ಯಕ್ಕೆ ಒಂದು ಸುತ್ತು, ಯಾವಾಗಲಾದರೂ ಪೇರ್‌ಲ್ಯಾಂಡ್‌ನ ಮೀನಾಕ್ಷಿ ದೇವಸ್ಥಾನ, ಅಷ್ಟೇ. ಏನು ಮಾಡಲಿ?

ಕ್ರೋಮ್_ಪ್ರಿಯ (ನ್ಯೂಜೆರ್ಸಿ)

ಯುರೆಥೇನ್ ಹಾಕಿ, ಯೋಚನೆ ಮಾಡಬೇಡಿ. ನಾಳೆ ಮಾರುವಾಗ ಮೂಲ ವಸ್ತು ಇದೆಯಾ ಅಂತ ಕೇಳೇ ಕೇಳುತ್ತಾರೆ. ಎನ್‌ಸಿಆರ್‌ಎಸ್ (ಹಳೇ ಕಾರ್ವೆಟ್‌ಗಳನ್ನು ಮೂಲದಂತೆ ಉಳಿಸುವವರ ಸಂಘ) ಜಡ್ಜಿಂಗ್‌ಗೆ ಹೋದರೆ ಫೈಬರ್‌ಗ್ಲಾಸ್‌ಗೆ ಅಂಕ ಕಳೆಯುತ್ತಾರೆ. ನನ್ನನ್ನು ಕೇಳಿದರೆ 72ರ ತನಕದ ಕ್ರೋಮ್ ಬಂಪರೇ ಚೆಂದ ಬಿಡಿ.

ಜೆಸಿ ರೋಡ್ ಜಾಣ (ಬೆಂಗಳೂರು)

ಸಾರ್, ಇರೋದನ್ನೇ ರಿಪೇರಿ ಮಾಡಿಸಬಹುದಲ್ವಾ? ಇಲ್ಲಿ ಬಂಪರ್ ಸೀಳಿದರೆ ಬಿಸಿ ಮಾಡಿ ಕರಗಿಸಿ ಅಂಟಿಸಿ, ಪುಟ್ಟಿ ಎಳೆದು ಸಂಜೆಯೊಳಗೆ ಪೇಂಟ್ ಹೊಡೆದು ಕೊಡುತ್ತಾರೆ. ಗೊತ್ತೇ ಆಗಲ್ಲ.

ಮೈಸೂರು ಟು ಮಿಷಿಗನ್

ಬಂಪರ್ ಪೇಂಟ್ ಲೈನ್‌ನಲ್ಲೇ ನನ್ನ ಅರ್ಧ ಆಯುಸ್ಸು ಕಳೆದಿದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಬೆಂಗಳೂರಿನವರಿಗೆ. ಇವತ್ತಿನ ಬಂಪರ್‌ಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್. ಬಿಸಿ ತಾಗಿಸಿದರೆ ಕರಗುತ್ತವೆ, ಹಾಗಾಗಿ ಬೆಸುಗೆ ಕೂರುತ್ತದೆ. ಹಳೇ ಕಾರ್ವೆಟ್‌ನ ಯುರೆಥೇನ್ ಥರ್ಮೋಸೆಟ್, ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಬಿಸಿಗೆ ಸ್ವಲ್ಪ ಮೆತ್ತಗಾಗುತ್ತದೆ, ಜಾಸ್ತಿ ಕೊಟ್ಟರೆ ಸುಡುತ್ತದೆ. ಸಣ್ಣ ಸೀಳಿಗೆ ಯುರೆಥೇನ್ ಅಂಟು ಹಾಕಬಹುದು. ಉಗುರಿಗೇ ಪುಡಿ ಬರುತ್ತಿದ್ದರೆ ಅಂಟು ಯಾವುದನ್ನು ಹಿಡಿಯಬೇಕು? ಆ ಹಿಂದಿನ ಕವರ್ ಮುಗಿದ ಕಥೆ.

ಈಗ ಶಾರ್ಕ್ ಅವರೇ, ಕವರ್ ಯಾಕೆ ಅಲೆ ಬಿದ್ದಿದೆ ಅಂತ ನೋಡಿ. ಬಿಸಿಲಿಗೆ ಯುರೆಥೇನ್ ಫೈಬರ್‌ಗ್ಲಾಸ್‌ಗಿಂತ ತುಂಬಾ ಹಿಗ್ಗುತ್ತದೆ. ಅಂಚುಗಳನ್ನು ಒಳಗಿನ ಪಟ್ಟಿಗಳು ಬಿಗಿಯಾಗಿ ಹಿಡಿದಿರುತ್ತವೆ. ಹಿಗ್ಗಿದ ವಸ್ತುವಿಗೆ ಹೋಗಲು ಜಾಗ ಇಲ್ಲ, ಮಧ್ಯದಲ್ಲಿ ಉಬ್ಬುತ್ತದೆ. ಅಂದರೆ ಹೊಸ ಯುರೆಥೇನ್ ಹಾಕಿದರೂ ನಿಮ್ಮೂರಲ್ಲಿ ಹೊರಗೆ ನಿಲ್ಲಿಸಿದರೆ ಇದೇ ಪಾಡು. ಬೆಳ್ಳಿ ಬಣ್ಣವಂತೂ ಒಂದೊಂದು ಅಲೆಯನ್ನೂ ಎತ್ತಿ ತೋರಿಸುತ್ತದೆ.

ಮೂಲ, ಮೂಲ ಅನ್ನುವವರು ಒಂದು ಮಾತು ಮರೆಯುತ್ತಾರೆ. 1973ಕ್ಕೆ ಗಂಟೆಗೆ 5 ಮೈಲಿ ವೇಗದ ಗುದ್ದು ತಡೆಯಬೇಕು ಅಂತ ಅಮೆರಿಕದ ಕಾನೂನು ಬಂತು. ಆ ವರ್ಷ ಮುಂದೆ, 1974ರಲ್ಲಿ ಹಿಂದೆ ಯುರೆಥೇನ್ ಬಂತು. ಈ ಕಾರು ತಯಾರಾಗುತ್ತಿದ್ದ ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ ಫೈಬರ್‌ಗ್ಲಾಸ್ ಬಾಡಿಗೆ ಲ್ಯಾಕರ್ ಅನ್ನುವ ಗಟ್ಟಿ ಪೇಂಟ್ ಹೊಡೆಯುತ್ತಿದ್ದರು. ಕವರ್‌ಗೆ ಬಾಗುವಂಥ ಬೇರೆ ಪೇಂಟ್. ಹೊಚ್ಚ ಹೊಸ ಕಾರಿನಲ್ಲೂ ಬಂಪರ್ ಬಣ್ಣ ಒಂದು ಛಾಯೆ ಆಚೀಚೆ ಇರುತ್ತಿತ್ತು. ಆ ‘ಮೂಲ’ ನಿಮಗೆ ಬೇಕಾ?

ನನ್ನ ಲೆಕ್ಕದಲ್ಲಿ ನಿಮಗೆ ಫೈಬರ್‌ಗ್ಲಾಸ್ ಸರಿ. ಬಾಡಿಯಂತೆಯೇ ಹಿಗ್ಗುತ್ತದೆ, ಅದೇ ಪ್ರೈಮರ್, ಅದೇ ಪೇಂಟ್. ಆದರೆ ಬಾಡಿ ಶಾಪ್‌ನವನಿಗೆ ಸುಲಭ ಅನ್ನುವುದನ್ನು ನಂಬಬೇಡಿ. ಅಚ್ಚಿನಿಂದ ಬಂದ ಕವರ್ ನಿಮ್ಮ ಕಾರಿಗೆ ಹಾಗೇ ಕೂರುವುದಿಲ್ಲ. ಬಾಡಿ ಭಾಗಗಳನ್ನು ಅಂಟಿಸಿ ಜೋಡಿಸಿದ ಕಾರುಗಳಿವು, ಒಂದರ ಗ್ಯಾಪ್ ಇನ್ನೊಂದಕ್ಕಿಲ್ಲ. ಯುರೆಥೇನ್ ಆದರೆ ಎಳೆದು ತಳ್ಳಿ ಕೂರಿಸಬಹುದು. ಫೈಬರ್‌ಗ್ಲಾಸ್ ಆದರೆ ಅಂಚು ಉಜ್ಜಬೇಕು, ಕಡಿಮೆ ಬಿದ್ದ ಕಡೆ ಗಾಜಿನ ನಾರಿನ ಮ್ಯಾಟ್ ಮತ್ತು ಅದನ್ನು ಗಟ್ಟಿ ಮಾಡುವ ರೆಸಿನ್ ಹಾಕಿ ಬೆಳೆಸಬೇಕು. ಪೇಂಟ್‌ಗಿಂತ ಈ ಕೆಲಸಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ. ಇದರ ಕೂಲಿ ಎಸ್ಟಿಮೇಟ್‌ನಲ್ಲಿ ಇದೆಯಾ ಕೇಳಿ. ಇಲ್ಲ ಅಂದರೆ ಆತ ಇದನ್ನು ಮಾಡಿಯೇ ಇಲ್ಲ ಅಂತ ಅರ್ಥ.

ಇನ್ನೊಂದು. ಕೆಲವರು ಬಂಪರ್ ಮತ್ತು ಬಾಡಿ ನಡುವಿನ ಸಂದನ್ನು ಪುಟ್ಟಿ ತುಂಬಿ ಮಾಯ ಮಾಡುತ್ತಾರೆ. ನೋಡಲು ಬಲು ಚೆಂದ. ಎರಡು ಭಾಗಗಳೂ ಬೇರೆ ಬೇರೆ ಅಲುಗುತ್ತವೆ, ಹಾಗಾಗಿ ಅದೇ ಗೆರೆಗೆ ಸರಿಯಾಗಿ ಮತ್ತೆ ಬಿರುಕು ಬರುತ್ತದೆ. ಸಂದು ಇರಲಿ, ನೇರವಾಗಿ ಇರಲಿ.

ಶಾರ್ಕ್77

ಬಹಳ ಥ್ಯಾಂಕ್ಸ್ ಸರ್. ಎರಡು ಅನುಮಾನ. ಗಟ್ಟಿ ಕವರ್ ಹಾಕಿದರೆ ಗುದ್ದಿದಾಗ ರಕ್ಷಣೆ ಕಡಿಮೆ ಆಗುವುದಿಲ್ವಾ? ಒಳಗಿನ ಕಂಬಿ ತೆಗೆದರೆ ತೂಕ ಇಳಿಯುತ್ತದೆ ಅಂತ ಒಬ್ಬರು ಹೇಳಿದರು. ಮತ್ತೆ, ಮುಂದಿನ ಯುರೆಥೇನ್ ಹಾಗೇ ಉಳಿಸಿಕೊಂಡು ಹಿಂದೆ ಮಾತ್ರ ಬದಲಾಯಿಸಬಹುದಾ?

ಮೈಸೂರು ಟು ಮಿಷಿಗನ್

ಕಂಬಿಗೆ ಕೈ ಹಾಕಬೇಡಿ! ಕವರ್ ಬರೀ ಚರ್ಮ. ಗುದ್ದು ತಡೆಯುವುದು ಒಳಗಿನದು. ನಿಮ್ಮ ಕಾರಿನ ಪೆಟ್ರೋಲ್ ಟ್ಯಾಂಕ್ ಹಿಂದಿನ ಆಕ್ಸಲ್‌ಗೂ ಹಿಂದೆ, ಆ ಬಂಪರ್‌ನ ಮಗ್ಗುಲಲ್ಲೇ ಕೂತಿದೆ. ಕೆಲವು ಕಿಲೋ ಉಳಿಸಲು ಅದನ್ನು ಬಯಲಿಗೆ ಬಿಡುತ್ತೀರಾ? ಫೈಬರ್‌ಗ್ಲಾಸ್‌ಗೆ ಒಂದು ನಷ್ಟ ಇದೆ, ಒಪ್ಪುತ್ತೇನೆ. ಪಾರ್ಕಿಂಗ್‌ನಲ್ಲಿ ಯಾರಾದರೂ ಮೆಲ್ಲಗೆ ಒತ್ತಿದರೆ ಯುರೆಥೇನ್ ತಗ್ಗಿ ಎದ್ದು ಬರುತ್ತದೆ, ಇದು ಸೀಳುತ್ತದೆ. ದೇವಸ್ಥಾನಕ್ಕೆ ಹಬ್ಬದ ದಿನ ಹೋಗುವಾಗ ದೂರ ನಿಲ್ಲಿಸಿ ನಡೆದುಕೊಂಡು ಹೋಗಿ.

ಮುಂದಿನದು ನಿಜವಾಗಿ ಮೆತ್ತಗೆ, ನೇರವಾಗಿ ಇದ್ದರೆ ಉಳಿಸಿಕೊಳ್ಳಬಹುದು. ಹಳೇ ಪೇಂಟ್ ಪೂರ್ತಿ ಉಜ್ಜಿ ತೆಗೆಯಬೇಕು. ಕೆಮಿಕಲ್ ಸ್ಟ್ರಿಪ್ಪರ್ ಬೇಡ, ಯುರೆಥೇನನ್ನೇ ತಿನ್ನುತ್ತದೆ. ಅದರ ಪೇಂಟ್‌ಗೆ ಫ್ಲೆಕ್ಸ್ ಅಡಿಟಿವ್, ಅಂದರೆ ಪೇಂಟ್ ಬಾಗುವಂತೆ ಮಾಡುವ ದ್ರವ, ಬೆರೆಸಬೇಕಾಗಬಹುದು. ಅದನ್ನು ಪೇಂಟ್ ಕಂಪನಿಯ ಹಾಳೆಯಲ್ಲಿ ಹೇಳಿದ ಅಳತೆಗೇ ಹಾಕಲಿ, ಅಂದಾಜಿಗೆ ಸುರಿಯುವುದು ಬೇಡ. ಅದರ ಗುಣ ಕಾಲಕ್ರಮೇಣ ಕಡಿಮೆಯಾಗುತ್ತದೆ. ಬಿಚ್ಚಿ ಕೂರಿಸುವಾಗ ಪೇಂಟ್ ಸೀಳದಿರಲಿ ಅನ್ನುವುದೇ ಅದರ ಮುಖ್ಯ ಉಪಯೋಗ.

ಕ್ರೋಮ್_ಪ್ರಿಯ

ನಡುವಿನದು, ಆ ಸ್ವಲ್ಪ ಬಾಗುವ ಫೈಬರ್‌ಗ್ಲಾಸ್ ಬಗ್ಗೆ ಏನೂ ಹೇಳಲಿಲ್ವಲ್ಲ?

ಮೈಸೂರು ಟು ಮಿಷಿಗನ್

ಹೌದಲ್ವಾ! ಒಳ್ಳೇ ಅಚ್ಚಿನದಾದರೆ ಅದೇ ನನ್ನ ಮೊದಲ ಆಯ್ಕೆ, ದುಡ್ಡು ಸ್ವಲ್ಪ ಜಾಸ್ತಿ ಆದರೂ. ಕೂರಿಸುವ ಗೋಳು ಮಾತ್ರ ಅದಕ್ಕೂ ತಪ್ಪಿದ್ದಲ್ಲ.

ಶಾರ್ಕ್ ಅವರೇ, ಯಾವುದನ್ನೇ ಕೊಂಡರೂ ಮೊದಲು ಸೋಪಿನ ನೀರು, ಆಮೇಲೆ ಗ್ರೀಸ್ ತೆಗೆಯುವ ದ್ರಾವಣದಿಂದ ತೊಳೆಸಿ. ಕವರ್ ಅಚ್ಚಿಗೆ ಅಂಟದಿರಲಿ ಅಂತ ಹಚ್ಚಿದ ಎಣ್ಣೆ ಉಳಿದರೆ ಯಾವ ಪ್ರೈಮರೂ ಹಿಡಿಯುವುದಿಲ್ಲ. ತೊಳೆಯುವ ಮೊದಲು ಉಜ್ಜಬಾರದು, ಎಣ್ಣೆ ಒಳಗೆ ಇಳಿಯುತ್ತದೆ. ಪ್ರೈಮರ್‌ಗೂ ಮುಂಚೆ ಕವರ್, ದೀಪ, ನಂಬರ್ ಪ್ಲೇಟ್ ಚೌಕಟ್ಟು ಎಲ್ಲ ಕೂರಿಸಿ ಗ್ಯಾಪ್ ನೋಡಿ. ಆಮೇಲೆ ಬಿಚ್ಚಿ ಅಂಚುಗಳಿಗೆ ಮಾತ್ರ ಬಣ್ಣ ಹೊಡೆದು, ಮತ್ತೆ ಕಾರಿಗೆ ಕೂರಿಸಿ ಬಾಡಿ ಜೊತೆಗೇ ಒಂದೇ ಸಲ ಹೊಡೆಯಲಿ. ಬೆಳ್ಳಿ ಮೆಟಾಲಿಕ್‌ನಲ್ಲಿ ಸ್ಪ್ರೇ ಗನ್ ಹಿಡಿದ ಕೋನ ಬದಲಾದರೂ ಪೇಂಟ್‌ನಲ್ಲಿರುವ ಲೋಹದ ಚೂರುಗಳು ಬೇರೆ ಥರ ಮಲಗುತ್ತವೆ. ಕವರನ್ನು ಸ್ಟ್ಯಾಂಡ್ ಮೇಲೆ ಮಲಗಿಸಿ ಹೊಡೆದರೆ ಅದೇ ಡಬ್ಬಿಯ ಪೇಂಟ್ ಆದರೂ ಬೇರೆ ಬಣ್ಣವೇ ಕಾಣುತ್ತದೆ.

ಶಾರ್ಕ್77

ಹಾಗಾದರೆ ಹಿಂದೆ ಬಾಗುವ ಫೈಬರ್‌ಗ್ಲಾಸ್, ಮುಂದೆ ಇರುವುದನ್ನೇ ಉಜ್ಜಿಸುತ್ತೇನೆ. ಕೂರಿಸುವ ಕೂಲಿ ಕೇಳಿದೆ. ಎಸ್ಟಿಮೇಟ್‌ನಲ್ಲಿ ಇಲ್ಲವಂತೆ. ಬೇರೆ ಶಾಪ್ ಹುಡುಕುತ್ತಿದ್ದೇನೆ, ಹ್ಯೂಸ್ಟನ್ ಕಡೆ ಫೈಬರ್‌ಗ್ಲಾಸ್ ಕೆಲಸ ಬಲ್ಲವರು ಗೊತ್ತಿದ್ದರೆ ಹೇಳಿ.